ಕಲ್ಯಾಣದ ನೆನಪನ್ನು ಕಾಯ್ದ ಕವಿಗಳು



ಕ್ರಿ. ಶ. 1167-68ರ ಸುಮಾರಿನಲ್ಲಿ ಕಲ್ಯಾಣಪಟ್ಟಣವು ಕ್ಷೋಭೆಗೊಳಗಾಯಿತು. ಬಿಜ್ಜಳನ ಆಳಿಕೆ ಮುಗಿದು ಅವನ ಮಗನಾದ ಸೋವಿದೇವನು ಪಟ್ಟವೇರಿದನು. ಶರಣಸಮೂಹವು ದಿಕ್ಕುದಿಕ್ಕಿಗೆ ಚದುರಿತು. ಕಳಚುರ್ಯರ ಶಾಸನಗಳಲ್ಲಿ ಅರಸರ ಬಿರುದಾವಳಿಗಳೂ ದೇವಾಲಯಗಳಿಗೆ ಬಿಟ್ಟ ದತ್ತಿಗಳೂ ಹೇರಳವಾಗಿ ದೊರೆಯುವುವು. ಕಣ್ಣು ಕಳೆದುಕೊಂಡವರ, ಊರು ಬಿಟ್ಟು ಹೋದವರ ದುಃಖವನ್ನು ಮಾತ್ರ ಆ ಕಲ್ಲುಗಳು ಹೇಳವು. ಬಸವಣ್ಣನವರನ್ನು ಹೆಸರಿಸುವ ಪ್ರಸಿದ್ಧವಾದ ಅರ್ಜುನವಾಡದ ಶಾಸನವೂ 1260ರದು. ಅಷ್ಟರಲ್ಲಿ ಮೂರು ತಲೆಮಾರುಗಳು ಕಳೆದಿದ್ದುವು.

ಆ ದುಃಖದ ಭಾರವನ್ನು ಹೊತ್ತವರು ಕವಿಗಳು. ಪಾಲ್ಕುರಿಕೆ ಸೋಮನಾಥನು ತೆಲುಗಿನ ದ್ವಿಪದಿಯಲ್ಲಿ ಬಸವಪುರಾಣವನ್ನು ರಚಿಸಿದನು. ದ್ವಿಪದಿಯು ಹತ್ತು ಜನ ಕೂಡಿ ಹಾಡುವುದಕ್ಕೆ ಒದಗುವ ಛಂದಸ್ಸು. ಅಕ್ಷರವರಿಯದವನ ಕಿವಿಗೂ ಅದು ನಿಲುಕುವುದು. 1369ರಲ್ಲಿ ಭೀಮಕವಿಯು ಆ ಪುರಾಣವನ್ನು ಕನ್ನಡ ಷಟ್ಪದಿಗೆ ತಂದನು.

ಸೋಮನಾಥನು ಹೇಳಿದ ಕಥೆಯೂ ಇಂದು ನಾವೆಲ್ಲರೂ ಬಲ್ಲ ಕಥೆಯೂ ಒಂದೇ ಅಲ್ಲವೆಂಬುದು ಗಮನಾರ್ಹವಾಗಿದೆ. ಬಿಜ್ಜಳನು ಮಧುವಯ್ಯನೇ ಮೊದಲಾದ ಇಬ್ಬರು ಭಕ್ತರ ಕಣ್ಣು ಕೀಳಿಸಿದನೆಂದು ಸೋಮನಾಥನು ಹೇಳುವನು. ಹರಳಯ್ಯ ಮಧುವರಸರ ಮಕ್ಕಳ ವಿವಾಹದ ಮಾತನ್ನು ಅವನು ಎತ್ತುವುದೇ ಇಲ್ಲ. ಆ ವಿವಾಹವೂ ಎಳೆಹೂಟೆಯೂ ಮುಂದಿನ ಪುರಾಣಕಾರರಲ್ಲಿ ಬಂದುವು. ಮೊದಲು ನೆನಪಿನಲ್ಲಿ ಉಳಿದುದು ಗಾಯ. ಅದಕ್ಕೆ ಕಾರಣವನ್ನು ತಲೆಮಾರುಗಳು ತಮ್ಮ ಅಂತರಂಗವನ್ನು ಶೋಧಿಸಿ ತುಂಬಿಕೊಂಡುವು. ಹಾಗೆ ತುಂಬಿಕೊಂಡುದು ಸುಳ್ಳೆಂದು ತಳ್ಳಿಬಿಡುವವರು ಅವಸರಪಡುವರು. ಜಾತಿಯ ಕಟ್ಟನ್ನು ಮುರಿದುದೇ ಕಲ್ಯಾಣದ ಅಪರಾಧವೆಂದು ಜನತೆ ತಿಳಿದುಕೊಂಡಿತೆಂಬುದೂ ಒಂದು ಚರಿತ್ರೆಯೇ ಸರಿ.

ಸೋಮನಾಥನ ಕಾವ್ಯದಲ್ಲಿಯೇ ಭಕ್ತರ ಮನಸ್ಸನ್ನು ಕಲಕಬೇಕಾದ ಪ್ರಸಂಗವೊಂದಿದೆ. ದೊರೆಯನ್ನು ಕೊಲ್ಲಲು ಹೊರಡಬೇಕಾದ ಜಗದೇವನು ತಡಮಾಡಿ ಮನೆಗೆ ಬಂದಾಗ ಹೆತ್ತ ತಾಯಿಯೇ ಅವನಿಗೆ ನಾಯಿಗೆ ಇಕ್ಕುವಂತೆ ಅನ್ನವನ್ನಿಕ್ಕುವಳು. ಅನ್ನದ ಆ ಅವಮಾನವೇ ಅವನ ಕೈಗೆ ಆಯುಧವನ್ನು ಕೊಟ್ಟಿತು. ಕೇಳಿದವರು ಈ ಚಿತ್ರವನ್ನು ಮರೆಯಲಾರರು. ಕವಿಯ ಶಕ್ತಿ ಅಲ್ಲಿದೆ, ಅಪಾಯವೂ ಅಲ್ಲಿದೆ. ದಯೆಯನ್ನು ಧರ್ಮದ ಬುಡವೆಂದು ತಿಳಿದ ಸಮುದಾಯವು ಹಗೆತೀರಿಸುವುದನ್ನೂ ಭಕ್ತಿಯೆಂದು ಹಾಡಿಕೊಳ್ಳುವಂತಾಯಿತು. ಪುರಾಣವನ್ನು ಪ್ರೀತಿಯಿಂದ ಓದುವವರೇ ಈ ಪ್ರಶ್ನೆಯನ್ನು ಕೇಳತಕ್ಕವರು.

ಎದುರು ಪಕ್ಷದವರಿಗೂ ಕವಿಗಳಿದ್ದರು. ಜೈನಕವಿ ಧರಣಿಪಂಡಿತನ ಬಿಜ್ಜಳರಾಯಚರಿತೆಯಲ್ಲಿ ಅರಸನೇ ವಂಚನೆಗೆ ಸಿಕ್ಕು ವಿಷದಿಂದ ಮಡಿದವನು. ಈ ಗ್ರಂಥವು ಘಟನೆಗೆ ಬಹುದೂರವಾದ 17ನೆಯ ಶತಮಾನದ್ದು. ಸಾಕ್ಷ್ಯವಾಗಿ ಅದರ ಬೆಲೆ ಅಲ್ಪ. ಆದರೂ ಐದು ಶತಮಾನಗಳ ಮೇಲೆ ಇನ್ನೊಂದು ಮನೆಯಲ್ಲಿಯೂ ಆ ಸಾವು ಹಸಿಯಾಗಿಯೇ ಇದ್ದಿತೆಂಬುದನ್ನು ಅದು ತಿಳಿಸುವುದು.

ಕಾಲಜ್ಞಾನದ ವಚನಗಳ ದಾರಿಯೇ ಬೇರೆ. ಅವು ಕೊಂದವರನ್ನು ಎಣಿಸುತ್ತ ನಿಲ್ಲದೆ, ಕೆಟ್ಟ ಕಲ್ಯಾಣವು ಮರಳಿ ಕಟ್ಟಲ್ಪಡುವುದೆಂದೂ ವೀರವಸಂತರಾಯನು ಬರುವನೆಂದೂ ಮುಂದಿನತ್ತ ಬೆರಳು ತೋರುವುವು. ತಾಳೆಗರಿಗಳಲ್ಲಿ ನಕಲಾಗುತ್ತ, ಏಕತಾರಿಗೆ ಹಾಡಾಗುತ್ತ, ಪಾಳುಬಿದ್ದ ಪಟ್ಟಣವು ಇನ್ನೂ ಬರಬೇಕಾದ ಪಟ್ಟಣವಾಗಿ ಜನರ ಬಾಯಲ್ಲಿ ಉಳಿಯಿತು.