ಹಳೆಯ ಪ್ರೇಮಕಥೆ, ಹಳೆಯ ಹಬ್ಬ: ಇವುಗಳಿಂದ ಹೊಲಕ್ಕೇನು?

(ಶೀಗಿ ಹುಣ್ಣಿಮೆಯ ಹಿಂದಿನ ಸಂಜೆ ಕದರಮಂಡಲಗಿಯ ರೈತರ ಕೂಟದಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಗ್ರಾಮಸೇವಕನು ಎದ್ದು ನಿಂತನೆಂದರೆ ಗೊಬ್ಬರ, ಔಷಧ, ಅರ್ಜಿ ಇವುಗಳ ಮಾತೇ ಬರುವುದೆಂದು ನೀವು ಬಲ್ಲಿರಿ. ಈ ಸಂಜೆ ನಿಮಗೆ ಅದರಿಂದ ತುಸು ಬಿಡುವು. ನಾಳೆ ಶೀಗಿ ಹುಣ್ಣಿಮೆ. ಮನೆಮನೆಯಲ್ಲಿ ಹೋಳಿಗೆ, ಕಡುಬು, ಉಂಡಿಗಳ ಸಿದ್ಧತೆ ನಡೆದಿದೆ. ಆದುದರಿಂದ ಕಥೆಯ ಮಾತು, ಹಬ್ಬದ ಮಾತು ಆಡೋಣವೆಂದು ಬಂದಿದ್ದೇನೆ. ಕೊನೆಗೆ ಬೀಜದ ಮಾತು ಬಾರದೆ ಇರದು, ಅದಕ್ಕೆ ಕ್ಷಮೆಯಿರಲಿ.

ಮೊದಲು ಕಥೆ. ನಾವು 'ಕಾದಂಬರಿ' ಎನ್ನುತ್ತೇವಲ್ಲ, ಆ ಹೆಸರು ಎಲ್ಲಿಂದ ಬಂತು? ಅದು ಒಬ್ಬ ಹುಡುಗಿಯ ಹೆಸರು. 7ನೆಯ ಶತಮಾನದಲ್ಲಿ ಬಾಣಕವಿಯು ಸಂಸ್ಕೃತದಲ್ಲಿ ಬರೆದ ಪ್ರೇಮಕಥೆಯ ನಾಯಕಿ ಕಾದಂಬರಿ. ಅದನ್ನು ನಾಗವರ್ಮನು ಕನ್ನಡಕ್ಕೆ ತಂದನು. ಮುಂದೆ ಆ ಒಂದು ಕಥೆಯ ಹೆಸರೇ ನಮ್ಮಲ್ಲಿಯೂ ಮರಾಠಿಯಲ್ಲಿಯೂ ಎಲ್ಲ ದೊಡ್ಡ ಗದ್ಯಕಥೆಗಳಿಗೆ ನಿಂತಿತು. ಪ್ರೇಮಕಥೆಯ ಬೇರು ಎಷ್ಟು ಆಳವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಅಷ್ಟು ದೂರ ಹೋಗುವುದೂ ಬೇಡ. ಕಾಗಿನೆಲೆ ನಮ್ಮ ತಾಲೂಕಿನದೇ. ಕನಕದಾಸರು ನಮ್ಮ ಕಾಂತೇಶನ ಸನ್ನಿಧಿಯಲ್ಲಿ ಕುಳಿತು 'ಮೋಹನತರಂಗಿಣಿ'ಯನ್ನು ಬರೆದರೆಂದು ಈ ಊರಿನ ಹಿರಿಯರು ಹೇಳುತ್ತ ಬಂದಿದ್ದಾರೆ. ಆ ಕಾವ್ಯದಲ್ಲಿ ಏನಿದೆ? ಬಾಣಾಸುರನ ಮಗಳು ಉಷೆ ಕನಸಿನಲ್ಲಿ ಒಬ್ಬ ಚೆಲುವನನ್ನು ಕಾಣುತ್ತಾಳೆ. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಗೆಳತಿ ಚಿತ್ರಲೇಖೆಯು ಒಬ್ಬೊಬ್ಬರ ಚಿತ್ರ ಬರೆದು ತೋರಿಸುತ್ತಾಳೆ. ಶ್ರೀಕೃಷ್ಣನ ಮೊಮ್ಮಗ ಅನಿರುದ್ಧನ ಚಿತ್ರ ಬಂದಾಗ ಉಷೆಯು ನಾಚುತ್ತಾಳೆ. ಅಲ್ಲಿಂದ ಮುಂದೆ ಯುದ್ಧವೇ ಆಗುತ್ತದೆ. ಹರಿದಾಸರೆಂದು ನಾವು ಕೈಮುಗಿಯುವ ಕನಕದಾಸರು ಪ್ರೇಮಕಥೆಯನ್ನು ಕೀಳೆಂದು ಬಗೆಯಲಿಲ್ಲ. ನಳ ದಮಯಂತಿಯರ 'ನಳಚರಿತ್ರೆ'ಯನ್ನೂ ಅವರೇ ಬರೆದರು. ರಾಗಿಗೂ ಅಕ್ಕಿಗೂ ಜಗಳ ಹಚ್ಚಿ 'ರಾಮಧಾನ್ಯ ಚರಿತ್ರೆ' ಬರೆದವರೂ ಅವರೇ. ಪ್ರೇಮ, ಕಾಳು, ದೇವರು ಮೂರೂ ಒಂದೇ ಲೇಖನಿಯಿಂದ ಬಂದವು.

ಇನ್ನು ನಮ್ಮ ಜಿಲ್ಲೆಯ ಇನ್ನೊಬ್ಬರು ಗಳಗನಾಥರು. 1869ರಲ್ಲಿ ತುಂಗಭದ್ರೆಯ ದಂಡೆಯ ಗಳಗನಾಥದಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರು ವೃತ್ತಿಯಿಂದ ಶಾಲಾ ಮಾಸ್ತರರು. ಕಾದಂಬರಿ ಬರೆದರು, ಮರಾಠಿಯಿಂದಲೂ ತಂದರು, ಅಗಡಿಯ ಆನಂದವನದಿಂದ ಹೊರಡುತ್ತಿದ್ದ 'ಸದ್ಬೋಧ ಚಂದ್ರಿಕೆ'ಯನ್ನು ನಡೆಸಿದರು. ಬರೆದರೆ ಸಾಕೆ? ಕೊಳ್ಳುವವರು ಬೇಕಲ್ಲ! ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. 1942ರಲ್ಲಿ ಅವರು ತೀರಿಕೊಂಡರು. ಓದಲು ಬಾರದವರ ಮನೆಯಲ್ಲಿಯೂ ಓದಬಲ್ಲವನೊಬ್ಬನು ಕಂದೀಲಿನ ಮುಂದೆ ಓದುವುದು, ಹತ್ತು ಜನ ಕೇಳುವುದು, ಹೀಗೆ ಅಂಥ ಪುಸ್ತಕಗಳು ಬಾಳಿದವು.

ಈ ಕಥೆಗಳು ಇಷ್ಟು ಕಾಲ ಏಕೆ ಉಳಿದವು? ನನಗೆ ತೋರುವುದು ಹೀಗೆ. ಪ್ರೇಮಕಥೆಯೆಂದರೆ ಕಾಯುವವರ ಕಥೆ. ದಮಯಂತಿಯು ಕಾಡಿನಲ್ಲಿ ಒಂಟಿಯಾದಳು. ಆದರೂ ನಳನನ್ನು ಹುಡುಕುವುದನ್ನು ಬಿಡಲಿಲ್ಲ. ಕಡೆಗೆ ಅಡುಗೆಯ ರುಚಿಯಿಂದ ಅವನ ಗುರುತು ಹಿಡಿದಳು. ಬಿತ್ತಿ, ಮುಗಿಲು ನೋಡುತ್ತ ನಾಲ್ಕು ತಿಂಗಳು ಕಾಯುವ ಒಕ್ಕಲಿಗನಿಗೆ ಈ ಕಾಯುವಿಕೆಯ ಅರ್ಥವನ್ನು ಯಾರೂ ಹೇಳಿಕೊಡಬೇಕಿಲ್ಲ.

ಆ ಕಥೆಯಲ್ಲಿ ಇನ್ನೊಂದು ಮಾತುಂಟು. ನಳನು ರಾಜ್ಯವನ್ನು ಕಳೆದುಕೊಂಡುದು ಯುದ್ಧದಲ್ಲಲ್ಲ, ಪಗಡೆಯಾಟದಲ್ಲಿ. ದೀಪಾವಳಿ ಬಂತೆಂದರೆ ನಮ್ಮ ಊರುಗಳ ಕಟ್ಟೆಗಳ ಮೇಲೆ ಇಸ್ಪೀಟಿನೆಲೆ ಬೀಳುವುದು ನಿಮಗೂ ಗೊತ್ತು, ನನಗೂ ಗೊತ್ತು. ಗೋವಿನಜೋಳ ಮಾರಿದ ಹಣ ಅಲ್ಲಿ ಒಂದೇ ರಾತ್ರಿ ಹೋಗುತ್ತದೆ. ಮರುದಿನ ಬೀಜ ಗೊಬ್ಬರಕ್ಕೆಂದು ಮನೆಯಾಕೆಯ ಬೋರಮಾಳ ಒತ್ತೆಗೆ ಹೋಗುತ್ತದೆ. ನಳನಿಗೆ ದಮಯಂತಿ ಸಿಕ್ಕಳು, ರಾಜ್ಯವೂ ಮರಳಿತು. ಒತ್ತೆ ಹೋದ ಬೋರಮಾಳ ಮರಳುವುದೆಂಬ ಭರವಸೆ ಇಲ್ಲ.

ಇನ್ನು ಹಬ್ಬ. ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಕೃಷಿ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಮೊದಲ ವರ್ಷ. ಮಹಾನವಮಿಯ ಕಾಲ. ಒಂದು ಮನೆಯಲ್ಲಿ ಘಟ್ಟ ಹಾಕಿದ್ದರು. ಮಣ್ಣಿನಲ್ಲಿ ಕಾಳು ಬಿತ್ತಿ ನೀರೆರೆದು ಒಂಬತ್ತು ದಿನ ಪೂಜಿಸುವುದು ನಿಮಗೆ ತಿಳಿದದ್ದೇ. ಹಿಂಗಾರಿಗೆ ಬಿತ್ತಲು ತಂದ ಕಡಲೆಯಲ್ಲಿಯೂ ಒಂದಿಷ್ಟನ್ನು ಆ ಮನೆಯ ಅಜ್ಜಿ ಅದರಲ್ಲಿ ಹಾಕಿದ್ದಳು. ಬನ್ನಿ ಕೊಡಲು ಹೋದಾಗ ಅವಳೆಂದಳು: "ತಮ್ಮಾ, ಜ್ವಾಳ ಚಲೋ ಎದ್ದಾವ. ಈ ಕಡ್ಲಿ ಅರ್ಧಕ್ಕರ್ಧ ಎದ್ದಿಲ್ಲ ನೋಡು. ಹೊಲದಾಗ ಹೆಂಗ ಏಳ್ತಾವ?"

ನಾನು ನಕ್ಕೆ. "ಅಜ್ಜೀ, ಇದು ಪೂಜೆ. ಅದು ಚೀಲದ ಬೀಜ, ಹೆದರಬ್ಯಾಡ್ರಿ," ಎಂದೆ. ಮಗನು ನನ್ನ ಮಾತು ನಂಬಿ ಬಿತ್ತಿದನು. ಹದಿನೈದು ದಿನ ಕಳೆದು ನೋಡಿದರೆ ಸಾಲುಗಳು ಹಲ್ಲು ಬಿದ್ದ ಬಾಯಿಯ ಹಾಗೆ! ಮತ್ತೆ ಬಿತ್ತೋಣವೆಂದರೆ ಹಸಿ ಆರಿಹೋಗಿತ್ತು. ಆ ಮನೆಯವರು ನನಗೆ ಒಂದು ಮಾತನ್ನೂ ಅನ್ನಲಿಲ್ಲ, ಚಹಾ ಕೊಟ್ಟು ಕಳಿಸಿದರು. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಅಜ್ಜಿ ಮಾಡಿದ್ದು ಮೊಳಕೆ ಪರೀಕ್ಷೆ. ನಾವು ಶಾಲೆಯಲ್ಲಿ ಕಲಿತದ್ದೂ ಅದನ್ನೇ. ಘಟ್ಟದಲ್ಲಿ ಕಾಳು ಒತ್ತೊತ್ತಾಗಿ ಬೀಳುವುದರಿಂದ ಅದು ಸೂಚನೆ ಮಾತ್ರ. ಸರಿಯಾದ ಲೆಕ್ಕಕ್ಕೆ 100 ಕಾಳು ಎಣಿಸಿ, ಒದ್ದೆ ಗೋಣಿತಟ್ಟಿನಲ್ಲಿ ಸಾಲಾಗಿಟ್ಟು ಸುರುಳಿ ಸುತ್ತಿ, ನೆರಳಿನಲ್ಲಿಡಿರಿ. ತಟ್ಟು ಆರದಂತೆ ನೀರು ಚಿಮುಕಿಸಿರಿ. ಎಂಟನೆಯ ದಿನ ಬಿಚ್ಚಿ ಎಣಿಸಿರಿ. ಪ್ರಮಾಣಿತ ಬೀಜವಾದರೆ ಕಡಲೆಯಲ್ಲಿ 100ಕ್ಕೆ 85, ಜೋಳದಲ್ಲಿ 75 ಆದರೂ ಮೊಳೆಯಬೇಕು. ಬಹಳ ಕಡಿಮೆಯಾದರೆ ಬೀಜವನ್ನೇ ಬದಲಿಸಿರಿ. ಕೊಂಡ ಬೀಜದ ರಸೀತಿಯನ್ನೂ ಚೀಲದ ಚೀಟಿಯನ್ನೂ ಬಿಸಾಡಬೇಡಿರಿ.

ನಾಳೆಯ ಶೀಗಿ ಹುಣ್ಣಿಮೆಯೂ ಹಾಗೆಯೇ. ಹೊಡೆ ತುಂಬಿದ ಪೈರು ಬಸುರಿ ಹೆಂಗಸಿದ್ದಂತೆ, ಭೂತಾಯಿಯ ಬಯಕೆ ತೀರಿಸಬೇಕು ಎಂದು ಹಿರಿಯರು ಬುತ್ತಿ ಹೊತ್ತು ಹೊಲಕ್ಕೆ ಹೋದರು, ಚರಗ ಚೆಲ್ಲಿದರು. ಹೊಡೆಯಿಂದ ಕಾಳು ಕಟ್ಟುವವರೆಗೆ ಪೈರಿಗೆ ಹಸಿ ತಪ್ಪಿದರೆ ಇಳುವರಿ ಬೀಳುತ್ತದೆಂದು ಕೃಷಿಶಾಸ್ತ್ರವೂ ಹೇಳುತ್ತದೆ. ನೀರಿದ್ದವರು ಆಗ ಒಂದು ನೀರು ಕೊಟ್ಟರೆ ಅದೇ ಬಯಕೆ ತೀರಿಸಿದಂತೆ. ಕಡಲೆಯ ಕಾಯಿಕೊರಕ ಹುಳಕ್ಕೆ ಹೊಲದಲ್ಲಿ ಚುರುಮುರಿ ಚೆಲ್ಲಿ ಹಕ್ಕಿಗಳನ್ನು ಕರೆಯಿರಿ ಎಂದು ಇಂದು ನಾವು ಹೇಳುವುದೂ ಚರಗದ ತಮ್ಮನೇ ಅಲ್ಲವೆ?

ಹಬ್ಬದ ಎಲ್ಲದರಲ್ಲೂ ಶಾಸ್ತ್ರವುಂಟೆಂದು ನಾನು ಹೇಳಲಾರೆ. ಎಲ್ಲದಕ್ಕೂ ಲೆಕ್ಕ ಬೇಕಾಗಿಯೂ ಇಲ್ಲ. ನಾಳೆ ಮನೆಮಂದಿಯೆಲ್ಲ ಒಂದೇ ಕಡೆ ಕುಳಿತು ಉಣ್ಣುವುದು, ಸೊಸೆಯು ತಾನು ಕಳೆ ತೆಗೆದ ಸಾಲನ್ನು ಮಕ್ಕಳಿಗೆ ತೋರಿಸುವುದು, ಇದೂ ಲಾಭವೇ. ಉಂಡ ಮೇಲೆ ಮಾತ್ರ ಒಂದು ಸುತ್ತು ಹೊಲ ತಿರುಗಿರಿ. ಎಲೆಯ ಹಿಂಬದಿ ನೋಡಿರಿ. ಮೆಣಸಿನಗಿಡದ ಎಲೆ ಮುಟುರಿದ್ದರೆ ನನಗೆ ತಿಳಿಸಿರಿ.

ಕೊನೆಯದಾಗಿ ಒಂದು ಬೇಡಿಕೆ. ದೀಪಾವಳಿಯ ಮೂರು ರಾತ್ರಿ ಇಸ್ಪೀಟಿನ ಬದಲು ಕಟ್ಟೆಯ ಮೇಲೆ 'ನಳಚರಿತ್ರೆ' ಓದಿಸೋಣ. ಓದಬಲ್ಲ ಹುಡುಗ ಹುಡುಗಿಯರು ಊರಲ್ಲಿದ್ದಾರೆ. ಅರ್ಥ ಹೇಳುವ ಹಿರಿಯರೂ ಇದ್ದಾರೆ. ಮೊಬೈಲುಗಳನ್ನು ಅಷ್ಟು ಹೊತ್ತು ಜೇಬಿನಲ್ಲಿಡೋಣ. ಚುರುಮುರಿ, ಚಹಾ ನನ್ನ ಲೆಕ್ಕ. ನಳನು ಪಗಡೆಗೆ ಕುಳಿತ ಭಾಗವನ್ನು ಮೊದಲ ರಾತ್ರಿಯೇ ಓದಿಸೋಣ.

 ನಾಳೆ ಹೊಲದಲ್ಲಿ ಭೇಟಿಯಾಗೋಣ.