ಬಾಯಿ ಬಿಗಿದರೆ ತಡಮಾಡಬೇಡಿ



ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ. ಬೆರಳಿನಡಿ ಆಡುವುದೇ ದವಡೆಯ ಕೀಲು. ಅದು ‘ಟಕ್’ ಎಂದರೂ ನೋವಿಲ್ಲದಿದ್ದರೆ ಹೆದರಬೇಕಾದ್ದಿಲ್ಲ. ಅಗಿಯುವಾಗ ನೋವಾದರೆ ಕೆಲವು ದಿನ ಗಂಜಿ, ಮೆತ್ತಗಿನ ಅನ್ನ ಉಣ್ಣಿರಿ. ಬಿಸಿನೀರಿನ ಬಟ್ಟೆಯಿಂದ ಶಾಖ ಕೊಡಿರಿ. ಕಬ್ಬು ಸಿಗಿಯುವುದನ್ನು ಬಿಡಿರಿ. ಬಹುಪಾಲು ನೋವು ಕೆಲವು ವಾರಗಳಲ್ಲಿ ಇಳಿಯುತ್ತದೆ. ಇಳಿಯದಿದ್ದರೆ ದಂತವೈದ್ಯರಿಗೆ ತೋರಿಸಿರಿ.

ಆದರೆ ಬಾಯಿ ತೆರೆಯುವುದೇ ಕಷ್ಟವಾದರೆ ಮಾತು ಬೇರೆ. ನಿಮ್ಮವೇ 3 ಬೆರಳು ಒಂದರ ಮೇಲೊಂದಾಗಿ ಮೇಲಿನ ಕೆಳಗಿನ ಹಲ್ಲುಗಳ ನಡುವೆ ಹಿಡಿಸಬೇಕು. ಅಡಿಕೆ, ಗುಟ್ಕಾ ಹಾಕುವವರಿಗೆ ಖಾರ ತಿಂದರೆ ಬಾಯಿ ಉರಿದು, ಬರಬರುತ್ತ ಬಾಯಿ ತೆರೆಯದಾದರೆ ಅದು ಕೀಲಿನ ದೋಷವಲ್ಲದಿರಬಹುದು. ಕೆನ್ನೆಯ ಒಳಪದರ ಬಿಗಿಯುವ ರೋಗವಿರಬಹುದು. ಅದು ಮುಂದೆ ಕ್ಯಾನ್ಸರಿಗೂ ತಿರುಗಬಹುದು. ಅಡಿಕೆಯನ್ನು ಅಂದೇ ಬಿಟ್ಟು ವೈದ್ಯರನ್ನು ಕಾಣಿರಿ.

ಕುಡುಗೋಲೋ ಮುಳ್ಳೋ ತಾಗಿದ ಕೆಲವು ದಿನಗಳ ಮೇಲೆ ದವಡೆ ಬಿಗಿದರೆ ಧನುರ್ವಾಯು ಇರಬಹುದು. ಅದು ಪ್ರಾಣಕ್ಕೇ ಸಂಚಕಾರ. ಆಕಳಿಸಿದ ಬಾಯಿ ಮುಚ್ಚಲಾಗದಿದ್ದರೆ ಕೀಲು ಜಾರಿರುತ್ತದೆ. ಆಗ ಎಣ್ಣೆ ತಿಕ್ಕುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಹೊರಡಿರಿ.

ನೋವು ಕಾಯಬಹುದು, ಬಿಗಿದ ಬಾಯಿ ಕಾಯುವುದಿಲ್ಲ.