ಉಸಿರಿನ ಯಂತ್ರ, ಕರೆಂಟ್ ಬಿಲ್ಲು



ಆಸ್ಪತ್ರೆ ಮನೆಯೊಳಗೆ ಬಂದು ಕೂತಿರುವ ಕಾಲ ಇದು. ಮೂವತ್ತು ವರ್ಷಗಳ ಹಿಂದೆ ವಾರ್ಡಿನಲ್ಲಿ ಮಾತ್ರ ಕಾಣುತ್ತಿದ್ದ ಯಂತ್ರಗಳು ಇವತ್ತು ಮಲಗುವ ಕೋಣೆಯ ಮೂಲೆಯಲ್ಲಿವೆ. ಶ್ವಾಸಕೋಶ ಸೋತವರಿಗೆ ಆಕ್ಸಿಜನ್ ಕಾನ್ಸಂಟ್ರೇಟರ್, ಉಸಿರಾಟದ ಸ್ನಾಯುಗಳು ಬಲ ಕಳೆದುಕೊಂಡವರಿಗೆ ಬೈಪ್ಯಾಪ್, ಕಫ ತೆಗೆಯಲು ಸಕ್ಷನ್ ಯಂತ್ರ, ರಾತ್ರಿಯಿಡೀ ನಡೆಯುವ ಪೆರಿಟೋನಿಯಲ್ ಡಯಾಲಿಸಿಸ್ ಯಂತ್ರ, ಹಾಸಿಗೆ ಹಿಡಿದವರಿಗೆ ಹುಣ್ಣಾಗದಂತೆ ಗಾಳಿ ತುಂಬುವ ಹಾಸಿಗೆ, ಇನ್ಸುಲಿನ್ ಕೆಡದಂತೆ ಎರಡರಿಂದ ಎಂಟು ಡಿಗ್ರಿಯಲ್ಲಿ ಇಡುವ ಫ್ರಿಜ್ಜು. ಇವೆಲ್ಲ ನಡೆಯುವುದು ಗೋಡೆಯ ಒಂದು ಪ್ಲಗ್ಗಿನಿಂದ. ಆ ಪ್ಲಗ್ಗಿಗೆ ಕರೆಂಟ್ ಬರುವುದು ಬಿಲ್ಲು ಕಟ್ಟಿದರೆ. ಕಟ್ಟಲಾಗದಿದ್ದರೆ ಏನು? ಇವತ್ತಿನ ಮಾತು ಇದರ ಬಗ್ಗೆ.

ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗುವುದು ಬೇರೆ ಸಂಗತಿ. ಅದು ಆಕಸ್ಮಿಕ, ಊರಿಗೆಲ್ಲ ಒಂದೇ ಸಲ ಬರುವ ಕಷ್ಟ. ಬಾಕಿ ಇದೆಯೆಂದು ಒಂದು ಮನೆಯ ಸಂಪರ್ಕವನ್ನು ಕಡಿಯುವುದು ಹಾಗಲ್ಲ. ಅದು ಒಬ್ಬರು ಕೂತು ತೆಗೆದುಕೊಂಡ ತೀರ್ಮಾನ. ತೀರ್ಮಾನವಾದ್ದರಿಂದಲೇ ಅದಕ್ಕೆ ನಿಯಮ ಹಾಕಬಹುದು.

ಮೊದಲು ಯಂತ್ರವನ್ನು ಸ್ವಲ್ಪ ತಿಳಿಯೋಣ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಇರುವುದು ನೂರಕ್ಕೆ 21 ಪಾಲು. ಉಳಿದದ್ದರಲ್ಲಿ ಹೆಚ್ಚಿನದು ಸಾರಜನಕ. ಕಾನ್ಸಂಟ್ರೇಟರ್ ಒಳಗೆ ಜಿಯೋಲೈಟ್ ಎಂಬ ಖನಿಜದ ಹರಳು ತುಂಬಿದ ಎರಡು ಕೊಳವೆಗಳಿರುತ್ತವೆ. ಕಂಪ್ರೆಸರ್ ಗಾಳಿಯನ್ನು ಒತ್ತಿ ಒಂದು ಕೊಳವೆಗೆ ತಳ್ಳುತ್ತದೆ. ಒತ್ತಡದಲ್ಲಿ ಜಿಯೋಲೈಟ್ ಸಾರಜನಕವನ್ನು ಹಿಡಿದುಕೊಳ್ಳುತ್ತದೆ, ಆಮ್ಲಜನಕ ಮುಂದೆ ಹರಿಯುತ್ತದೆ. ಅಷ್ಟರಲ್ಲಿ ಇನ್ನೊಂದು ಕೊಳವೆ ತಾನು ಹಿಡಿದಿದ್ದ ಸಾರಜನಕವನ್ನು ಹೊರಗೆ ಬಿಟ್ಟು ಮುಂದಿನ ಸರದಿಗೆ ಸಜ್ಜಾಗುತ್ತದೆ. ಹೀಗೆ ಸರದಿಯಂತೆ ನಡೆದು, ಮೂಗಿನ ನಳಿಗೆಗೆ ನೂರಕ್ಕೆ ತೊಂಬತ್ತರ ಮೇಲೆ ಶುದ್ಧವಾದ ಆಮ್ಲಜನಕ ಬರುತ್ತದೆ. ಇದರಲ್ಲಿ ಸಂಗ್ರಹ ಎಂಬುದೇ ಇಲ್ಲ. ಸಿಲಿಂಡರಿನಲ್ಲಿ ಆಮ್ಲಜನಕ ತುಂಬಿರುತ್ತದೆ. ಇಲ್ಲಿ ಅದು ಆಯಾ ಕ್ಷಣಕ್ಕೆ ತಯಾರಾಗುತ್ತದೆ. ಕಂಪ್ರೆಸರ್ ನಿಂತರೆ ಆಮ್ಲಜನಕವೂ ನಿಂತಿತು.

ಹೀಗೆ ನಿಂತ ಒಂದು ಯಂತ್ರ ಒಂದು ದೇಶದ ನಿಯಮವನ್ನೇ ಬದಲಿಸಿತು. 2007ರ ಮೇ 29, ನ್ಯೂಜಿಲೆಂಡಿನ ಆಕ್ಲೆಂಡ್ ನಗರ. ಹೃದಯದ ಕಾಯಿಲೆಯಿಂದ ರಜೆಯಲ್ಲಿದ್ದ 44 ವರ್ಷದ ಶಾಲಾ ಶಿಕ್ಷಕಿ, ನಾಲ್ಕು ಮಕ್ಕಳ ತಾಯಿ, ಮನೆಯಲ್ಲಿ ಆಕ್ಸಿಜನ್ ಯಂತ್ರದ ಆಸರೆಯಲ್ಲಿದ್ದರು. ಬಿಲ್ಲಿನ ಬಾಕಿ 168 ಡಾಲರ್ 40 ಸೆಂಟ್. ಸರ್ಕಾರಿ ಒಡೆತನದ ಕಂಪನಿಯ ಪರವಾಗಿ ಬಂದ ಗುತ್ತಿಗೆದಾರ ಸಂಪರ್ಕ ಕಡಿದ. ಮೂರು ಗಂಟೆಯೊಳಗೆ ಆಕೆ ತೀರಿಕೊಂಡರು. ಕಾಯಿಲೆ ಮೊದಲೇ ಗಂಭೀರವಾಗಿತ್ತು, ಆದರೂ ಕರೆಂಟ್ ಕಡಿದದ್ದು ಸಾವಿಗೆ ಕಾರಣಗಳಲ್ಲೊಂದು ಎಂದು ಮರುವರ್ಷ ಮರಣ ವಿಚಾರಣಾಧಿಕಾರಿ ಹೇಳಿದರು. ಆಮೇಲೆ ಆ ದೇಶದಲ್ಲಿ, ಪ್ರಾಣಕ್ಕಾಗಿ ವಿದ್ಯುತ್ತನ್ನು ನೆಚ್ಚಿಕೊಂಡ ಗ್ರಾಹಕರನ್ನು ಪ್ರತ್ಯೇಕವಾಗಿ ಗುರುತಿಸುವ ವ್ಯವಸ್ಥೆ ಬಂತು.

ಒಬ್ಬರು ಹೋದ ಮೇಲೆ ನಿಯಮ ಬರುವುದು ಹೊಸದಲ್ಲ. ಆದರೆ ಎಲ್ಲ ಊರಿಗೂ ಅದೇ ಬೆಲೆ ತೆರಬೇಕೆಂದಿಲ್ಲ. ಬೇರೆಯವರು ತೆತ್ತದ್ದರಿಂದಲೇ ಕಲಿಯಬಹುದು.

ಈಗ ಅಮೆರಿಕದ ವೆಸ್ಟ್‌ಮಂಟ್‌ಗೆ ಬನ್ನಿ. ಶಿಕಾಗೋ ನಡುನಗರದಿಂದ ಸುಮಾರು ಮೂವತ್ತು ಕಿಲೋಮೀಟರ್ ಪಶ್ಚಿಮಕ್ಕೆ, ಡುಪೇಜ್ ಕೌಂಟಿಯ ಒಂದು ಸಣ್ಣ ಊರು. ಈ ಸುತ್ತಿನ ಉಪನಗರಗಳಲ್ಲಿ ಕನ್ನಡ ಮನೆಗಳು ಬೇಕಾದಷ್ಟಿವೆ. ಮಗ, ಮಗಳನ್ನು ನೋಡಲು ಆರು ತಿಂಗಳಿಗೆಂದು ಬರುವ ತಂದೆತಾಯಿಯರು ಮಾತ್ರೆಯ ಡಬ್ಬಿಯ ಜೊತೆ ಯಂತ್ರವನ್ನೂ ತರುತ್ತಾರೆ. ನಮ್ಮೂರಿನ ಕರೆಂಟ್ 230 ವೋಲ್ಟ್, ಇಲ್ಲಿನದು 120. ನಿದ್ದೆಯಲ್ಲಿ ಉಸಿರು ಕಟ್ಟುವವರು ಹಾಕಿಕೊಳ್ಳುವ ಸಿಪ್ಯಾಪ್ ಯಂತ್ರ ಸಾಮಾನ್ಯವಾಗಿ ಎರಡಕ್ಕೂ ಹೊಂದುತ್ತದೆ. ಮನೆಯಲ್ಲಿಡುವ ದೊಡ್ಡ ಕಾನ್ಸಂಟ್ರೇಟರ್ ಬಹುಮಟ್ಟಿಗೆ ಹೊಂದುವುದಿಲ್ಲ, ಅದನ್ನು ಇಲ್ಲೇ ಬಾಡಿಗೆಗೆ ತೆಗೆದುಕೊಳ್ಳಬೇಕು.

ಇಲ್ಲಿ ಮನೆಗಳಿಗೆ ವಿದ್ಯುತ್ ತಲುಪಿಸುವುದು ಕಾಮ್‌ಎಡ್ ಕಂಪನಿ. ಅದರ ಮೇಲೆ ಕಣ್ಣಿಡುವುದು ಇಲಿನಾಯ್ ಕಾಮರ್ಸ್ ಕಮಿಷನ್, ನಮ್ಮ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಹಾಗೆ. ಆ ಕಮಿಷನ್ನಿನ ನಿಯಮಾವಳಿಯಲ್ಲಿ ವೈದ್ಯಕೀಯ ಪ್ರಮಾಣಪತ್ರಕ್ಕೆಂದೇ ಒಂದು ಭಾಗವಿದೆ. ಸಂಪರ್ಕ ಕಡಿದರೆ ಮನೆಯಲ್ಲಿ ವಾಸವಿರುವವರೊಬ್ಬರ ಆರೋಗ್ಯಕ್ಕೆ ಅಪಾಯವಿದೆ ಎಂದು ವೈದ್ಯರೋ ಸ್ಥಳೀಯ ಆರೋಗ್ಯ ಮಂಡಳಿಯೋ ಬರೆದುಕೊಟ್ಟರೆ, 60 ದಿನ ಕಂಪನಿ ಕರೆಂಟ್ ಮುಟ್ಟುವಂತಿಲ್ಲ. ಕಡಿದಾಗಿದ್ದರೂ, 14 ದಿನದೊಳಗೆ ಪತ್ರ ತಲುಪಿಸಿದರೆ ಮತ್ತೆ ಕೊಡಬೇಕು. ಕಾಯಿಲೆ ಬಿಲ್ಲಿನಲ್ಲಿ ಹೆಸರಿರುವವರದ್ದೇ ಆಗಬೇಕಿಲ್ಲ, ಅದೇ ಮನೆಯಲ್ಲಿರುವ ಅತ್ತೆಯದ್ದೋ ಮಗುವಿನದ್ದೋ ಆದರೂ ಸರಿ.

ಈ ಪತ್ರ ಬಾಕಿಯನ್ನು ಮನ್ನಾ ಮಾಡುವುದಿಲ್ಲ. ಹಣ ಹಾಗೇ ಉಳಿದಿರುತ್ತದೆ, ಕಂತಿನಲ್ಲಿ ತೀರಿಸಲೇಬೇಕು. ಸಿಗುವುದು ಕಾಲಾವಕಾಶ. ಕೌಂಟಿ ಕಚೇರಿಗೆ ಹೋಗಿ ಸರ್ಕಾರದ ಇಂಧನ ನೆರವಿಗೆ ಅರ್ಜಿ ಹಾಕಲು, ನೆಂಟರಿಂದ ಕೈಸಾಲ ತರಲು, ಹೋದ ಕೆಲಸದ ಜಾಗಕ್ಕೆ ಇನ್ನೊಂದು ಹುಡುಕಲು ಬೇಕಾದಷ್ಟು ಕಾಲ. ಹೀಗೆ ಮಾಡಿದರೆ ಜನ ದುರುಪಯೋಗ ಮಾಡಿಕೊಳ್ಳುತ್ತಾರೆ, ಅವರ ಬಾಕಿಯ ಹೊರೆ ಉಳಿದ ಗ್ರಾಹಕರ ಮೇಲೆ ಬೀಳುತ್ತದೆ ಎನ್ನುವವರಿಗೆ ಉತ್ತರವೂ ಇದರಲ್ಲೇ ಇದೆ. ಸಾಲ ಸಾಲವಾಗಿಯೇ ಉಳಿಯುತ್ತದೆ, ರೋಗಿಯ ಉಸಿರನ್ನು ಅದಕ್ಕೆ ಒತ್ತೆ ಇಟ್ಟುಕೊಳ್ಳುವುದಿಲ್ಲ, ಅಷ್ಟೆ.

ಹವಾಮಾನಕ್ಕೂ ಇಲ್ಲಿ ನಿಯಮವಿದೆ. ಚಳಿಗಾಲದಲ್ಲಿ ತಾಪಮಾನ 32 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನೀರು ಹೆಪ್ಪುಗಟ್ಟುವ ಮಟ್ಟಕ್ಕೆ ಇಳಿಯುವ ಮುನ್ಸೂಚನೆ ಇದ್ದರೆ, ಮನೆ ಬೆಚ್ಚಗಿಡುವ ಸಂಪರ್ಕವನ್ನು ಕಡಿಯುವಂತಿಲ್ಲ. ಮನೆ ಬೆಚ್ಚಗಾಗುವುದು ಗ್ಯಾಸಿನಿಂದಾದರೂ ಆ ಬಿಸಿಗಾಳಿಯನ್ನು ಕೋಣೆಗಳಿಗೆ ತಳ್ಳುವ ಫ್ಯಾನ್ ನಡೆಯುವುದು ಕರೆಂಟಿನಿಂದಲೇ. ಇನ್ನು ಬೇಸಿಗೆ: 1995ರ ಜುಲೈನಲ್ಲಿ ಶಿಕಾಗೋದ ತಾಪ 106 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದಾಗ ಆ ಒಂದು ವಾರದ ಸೆಕೆಗೆ ಏಳುನೂರಕ್ಕೂ ಹೆಚ್ಚು ಜನ ಸತ್ತರು. ಬಹುಪಾಲು ಒಂಟಿ ವೃದ್ಧರು, ಬಡವರು. ಏಸಿ ಕೊಳ್ಳಲಾಗದವರು, ಕೊಂಡರೂ ಬಿಲ್ಲಿಗೆ ಹೆದರಿ ಹಾಕದವರು ಅವರಲ್ಲಿದ್ದರು. ಬಿಸಿಲಿನ ದಿನಗಳಲ್ಲೂ ಕಡಿತಕ್ಕೆ ತಡೆ ಇರಬೇಕು ಎಂಬ ಮಾತಿಗೆ ಈ ಊರಿನಲ್ಲಿ ಅಷ್ಟು ತೂಕ ಬಂದಿರುವುದು ಸುಮ್ಮನೆ ಅಲ್ಲ.

ಡೆಟ್ರಾಯಿಟ್ ಕಡೆ ಹೋದರೆ ಮಿಷಿಗನ್ ರಾಜ್ಯದ ಲೆಕ್ಕ ಬೇರೆ. ಅಲ್ಲಿ ವೈದ್ಯರ ಪತ್ರಕ್ಕೆ 21 ದಿನ, ಮತ್ತೆ ಮತ್ತೆ ಬರೆಸಿದರೆ ಒಟ್ಟು 63 ದಿನದವರೆಗೆ ತಡೆ. 65 ವರ್ಷ ದಾಟಿದವರಿಗೆ ನವೆಂಬರಿನಿಂದ ಮಾರ್ಚ್ ಕೊನೆಯವರೆಗೆ ಚಳಿಗಾಲದ ರಕ್ಷಣೆ. ಆದರೆ 2009ರ ಜನವರಿಯಲ್ಲಿ ಅದೇ ರಾಜ್ಯದ ಬೇ ಸಿಟಿಯಲ್ಲಿ 93 ವರ್ಷದ ಹಿರಿಯರೊಬ್ಬರು ತಮ್ಮದೇ ಮನೆಯೊಳಗೆ ಚಳಿಗೆ ಹೆಪ್ಪುಗಟ್ಟಿ ಸತ್ತರು. ಸುಮಾರು ಸಾವಿರ ಡಾಲರ್ ಬಾಕಿ ಇತ್ತೆಂದು, ಬಳಕೆ ಮಿತಿ ಮೀರಿದರೆ ಕರೆಂಟ್ ನಿಲ್ಲಿಸುವ ಒಂದು ಸಾಧನವನ್ನು ನಗರಾಡಳಿತದ ವಿದ್ಯುತ್ ವಿಭಾಗ ಮನೆಯ ಹೊರಗಿನ ಮೀಟರಿಗೆ ಹಾಕಿ ಹೋಗಿತ್ತು. ಆತ ಬಡವರಲ್ಲ, ಉಯಿಲಿನಲ್ಲಿ ತಮ್ಮ ಆಸ್ತಿಯನ್ನು ಆಸ್ಪತ್ರೆಯೊಂದಕ್ಕೆ ಬಿಟ್ಟುಹೋಗಿದ್ದರು. ಬಿಲ್ಲು ಕಟ್ಟದವರೆಲ್ಲ ಮೊಂಡರಲ್ಲ, ಎಲ್ಲರೂ ದಿಕ್ಕಿಲ್ಲದವರೂ ಅಲ್ಲ. ವಯಸ್ಸು, ಮರೆವು, ಒಂಟಿತನ ಕೂಡ ಬಾಕಿಯಾಗಿ ಕಾಣಿಸಿಕೊಳ್ಳುತ್ತವೆ. ಬಾಗಿಲು ತಟ್ಟಿ ಒಂದು ಮಾತು ಕೇಳಿದ್ದರೆ ಅದು ಗೊತ್ತಾಗುತ್ತಿತ್ತು. ಈಗ ಸ್ಮಾರ್ಟ್ ಮೀಟರ್ ಬಂದಿದೆ, ಕಚೇರಿಯಲ್ಲಿ ಕೂತೇ ಸಂಪರ್ಕ ಕಡಿಯಬಹುದು. ಕಂಬ ಹತ್ತುವ ಲೈನ್‌ಮನ್ ಅಂಗಳಕ್ಕೆ ಬಂದಾಗ ನಳಿಗೆ ಹಾಕಿಕೊಂಡ ಅಜ್ಜಿಯನ್ನು ಕಂಡು ವಾಪಸು ಹೋಗಬಹುದಿತ್ತು. ಕಂಪ್ಯೂಟರಿಗೆ ಅಜ್ಜಿ ಕಾಣುವುದಿಲ್ಲ. ಅದಕ್ಕೇ ಅವಳ ಹೆಸರು ಮೊದಲೇ ಪಟ್ಟಿಯಲ್ಲಿ ಇರಬೇಕು.

ಇನ್ನು ನಮ್ಮ ನಾಡು. 2003ರ ವಿದ್ಯುಚ್ಛಕ್ತಿ ಕಾಯ್ದೆಯ 56ನೇ ಕಲಂ ಪ್ರಕಾರ, ಬಾಕಿಗಾಗಿ ಸಂಪರ್ಕ ಕಡಿಯುವ ಮುನ್ನ ಪೂರ್ತಿ 15 ದಿನಗಳ ಲಿಖಿತ ನೋಟಿಸ್ ಕೊಡಬೇಕು. ಬಿಲ್ಲಿನ ಬಗ್ಗೆ ತಕರಾರು ಇದ್ದರೆ, ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿ, ಯಾವುದು ಕಡಿಮೆಯೋ ಅದನ್ನು ಆಕ್ಷೇಪಣೆಯೊಂದಿಗೆ ಕಟ್ಟಿದರೆ, ವಿವಾದ ತೀರುವವರೆಗೆ ಕಡಿಯುವಂತಿಲ್ಲ. ಇದು ಒಳ್ಳೆಯ ರಕ್ಷಣೆ, ಬಹಳ ಜನಕ್ಕೆ ಗೊತ್ತಿಲ್ಲದ ರಕ್ಷಣೆ. ಆದರೆ ಆ ಕಲಮಿನಲ್ಲಿ ಕಾಯಿಲೆಯ ಮಾತೇ ಇಲ್ಲ. ಹೋಟೆಲಿನ ಬಾಕಿಗೂ, ಆಕ್ಸಿಜನ್ ಯಂತ್ರವಿರುವ ಮನೆಯ ಬಾಕಿಗೂ ಅದೇ ಹದಿನೈದು ದಿನ.

ಪುಕ್ಕಟೆ ಕರೆಂಟಿನ ಗೃಹಜ್ಯೋತಿ ಯೋಜನೆ ಇದೆಯಲ್ಲ ಎನ್ನಬಹುದು. 2023ರಿಂದ ಕರ್ನಾಟಕದ ಎಷ್ಟೋ ಮನೆಗಳಿಗೆ ಅದು ನಿಜವಾದ ಆಸರೆ. ಆದರೆ ಒಂದು ಲೆಕ್ಕ ಮಾಡಿ ನೋಡಿ. ನಿಮಿಷಕ್ಕೆ ಐದು ಲೀಟರ್ ಕೊಡುವ ಸಾಮಾನ್ಯ ಕಾನ್ಸಂಟ್ರೇಟರ್ ಸುಮಾರು 350 ವ್ಯಾಟ್ ಎಳೆಯುತ್ತದೆ. ದಿನವಿಡೀ ನಡೆದರೆ 8.4 ಯೂನಿಟ್, ತಿಂಗಳಿಗೆ 252 ಯೂನಿಟ್. ಯೋಜನೆಯ ಮಿತಿ 200. ಅದನ್ನು ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. ವೈದ್ಯರು ಹದಿನೈದು ಗಂಟೆ ಸಾಕು ಎಂದರೂ ಯಂತ್ರವೊಂದಕ್ಕೇ ಸುಮಾರು 157 ಯೂನಿಟ್ ಆಯಿತು. ಫ್ಯಾನು, ಫ್ರಿಜ್ಜು, ದೀಪ, ಮಿಕ್ಸಿ ಸೇರಿದರೆ ಗಡಿ ದಾಟಿದಂತೆಯೇ. ಜೊತೆಗೆ ಈ ಮಿತಿಯೊಳಗೂ ಪ್ರತಿ ಮನೆಯ ಪಾಲು ನಿಗದಿಯಾಗಿದ್ದು ಹಿಂದಿನ ಬಳಕೆಯ ಸರಾಸರಿಯ ಮೇಲೆ. ಕಾಯಿಲೆ ಆಮೇಲೆ ಬಂದಿದ್ದರೆ ಆ ಸರಾಸರಿಗೆ ಯಂತ್ರ ಗೊತ್ತೇ ಇಲ್ಲ. ಮನೆಯಲ್ಲಿ ದುಡಿಯುವವರು ಹಾಸಿಗೆ ಹಿಡಿದ ಹೊತ್ತಿಗೇ ಪುಕ್ಕಟೆ ಕರೆಂಟ್ ಕೈತಪ್ಪಿ, ಬಿಲ್ಲು ಶುರುವಾಗುತ್ತದೆ.

ಇದಕ್ಕೆ ದಾರಿ ಹುಡುಕಲು ಅಮೆರಿಕಕ್ಕೆ ಬರಬೇಕಿಲ್ಲ. ಮಂಗಳೂರಿನಿಂದ ತಲಪಾಡಿ ದಾಟಿ ಕಾಸರಗೋಡಿಗೆ ಹೋದರೆ ಸಾಕು. ಕೇರಳ ರಾಜ್ಯ ವಿದ್ಯುಚ್ಛಕ್ತಿ ಮಂಡಳಿ, ಮನೆಯಲ್ಲಿ ಜೀವರಕ್ಷಕ ಉಪಕರಣ ಬಳಸುವ ರೋಗಿಗಳಿಗೆ ಆ ಉಪಕರಣಕ್ಕೆ ತಗಲುವ ವಿದ್ಯುತ್ತನ್ನು ಪುಕ್ಕಟೆ ಕೊಡುವ ವ್ಯವಸ್ಥೆ ಮಾಡಿದೆ. ಅದಕ್ಕೆ ವೈದ್ಯರ ಪ್ರಮಾಣಪತ್ರ ಬೇಕು. ಗೇರುತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್‌ನಿಂದ ಬಳಲಿದ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಯಂಥ ಊರುಗಳ ಕುಟುಂಬಗಳಿಗೆ ಪ್ರತ್ಯೇಕ ರಿಯಾಯಿತಿ ದರವೂ ಇದೆ. ಅಂಥ ಎಷ್ಟೋ ಮನೆಗಳ ಮಾತು ಕನ್ನಡ, ತುಳು. ಗಡಿಯ ಆಚೆ ಇರುವ ನಮ್ಮವರಿಗೆ ಸಿಗುವ ರಕ್ಷಣೆ ಈಚೆ ಇರುವ ನಮ್ಮವರಿಗೆ ಯಾಕೆ ಬೇಡ? ಬ್ರಿಟನ್ನಿನಲ್ಲಂತೂ ಮನೆಯ ಕಾನ್ಸಂಟ್ರೇಟರಿಗೆ ಖರ್ಚಾದ ಕರೆಂಟಿನ ಹಣವನ್ನು ಸಾರ್ವಜನಿಕ ಆರೋಗ್ಯ ಸೇವೆಯೇ ಹಿಂದಿರುಗಿಸುತ್ತದೆ. ಆ ವಿದ್ಯುತ್ತು ಮದ್ದಿನ ಒಂದು ಭಾಗ ಎಂದು ಅವರು ಒಪ್ಪಿದ್ದಾರೆ.

ಕರ್ನಾಟಕದಲ್ಲಿ ಈ ಯಂತ್ರಗಳಿರುವ ಮನೆಯವರಿಗೆ ಕೆಲವು ಮಾತು. ಕಷ್ಟ ಬರುವ ಮೊದಲೇ ನಿಮ್ಮ ವಿದ್ಯುತ್ ಉಪವಿಭಾಗದ ಕಚೇರಿಗೆ ಹೋಗಿ, ವೈದ್ಯರ ಪತ್ರ ಲಗತ್ತಿಸಿ, ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ ಬರೆದು ಒಂದು ಅರ್ಜಿ ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ನೋಟಿಸ್ ಬಂದರೆ ಮುಚ್ಚಿಡಬೇಡಿ. ಆ ಹದಿನೈದು ದಿನದೊಳಗೆ ಲಿಖಿತವಾಗಿ ಕಂತು ಕೇಳಿ. 150 ಆಂಪಿಯರ್ ಅವರ್‌ನ ಒಂದು ಇನ್ವರ್ಟರ್ ಬ್ಯಾಟರಿ ಕಾನ್ಸಂಟ್ರೇಟರನ್ನು ನಾಲ್ಕು ಗಂಟೆಯಷ್ಟು ಹೊತ್ತು ಮಾತ್ರ ನಡೆಸೀತು, ಅದೂ ಬ್ಯಾಟರಿ ಹೊಸದಿದ್ದರೆ. ಹಾಗಾಗಿ ತುಂಬಿದ ಸಿಲಿಂಡರ್ ಒಂದು ಮನೆಯಲ್ಲಿರಲಿ. 1500 ಲೀಟರಿನ ಬಿ ಮಾದರಿಯದು, ನಿಮಿಷಕ್ಕೆ ಎರಡು ಲೀಟರಿನಂತೆ, ಹನ್ನೆರಡು ಗಂಟೆ ಬರುತ್ತದೆ. ಅದನ್ನು ತೆರೆಯುವುದು ಮನೆಯ ಇಬ್ಬರಿಗಾದರೂ ಗೊತ್ತಿರಲಿ. ಅದರ ಹತ್ತಿರ ದೀಪ, ಬೀಡಿ, ಊದುಬತ್ತಿ ಯಾವುದೂ ಬೇಡ. ಕರೆಂಟ್ ನಿಂತು ರೋಗಿಗೆ ಏದುಸಿರು ಬಂದರೆ ಮೊದಲ ಕರೆ ಆಂಬುಲೆನ್ಸಿನ 108ಕ್ಕೆ, ಎರಡನೆಯದು ವಿದ್ಯುತ್ ದೂರಿನ 1912ಕ್ಕೆ.

ಅಮೆರಿಕದಲ್ಲಿರುವ ಕನ್ನಡಿಗರಿಗೆ: ತಂದೆತಾಯಿ ಬಂದಿಳಿದ ವಾರವೇ ನಿಮ್ಮ ರಾಜ್ಯದ ನಿಯಮ ಓದಿ, ಮನೆಯಲ್ಲಿ ಜೀವರಕ್ಷಕ ಯಂತ್ರವಿದೆ ಎಂದು ವಿದ್ಯುತ್ ಕಂಪನಿಯಲ್ಲಿ ನೋಂದಾಯಿಸಿ. ನೋಂದಣಿಯಾದರೂ ಬಿರುಗಾಳಿಗೆ ತಂತಿ ಹರಿದಾಗ ಮೊದಲು ನಿಮ್ಮ ಮನೆಗೇ ಕರೆಂಟ್ ಬರುತ್ತದೆಂಬ ಖಾತರಿ ಇಲ್ಲ, ಬ್ಯಾಟರಿಯ ಏರ್ಪಾಡು ನಿಮ್ಮದೇ. ಶಿಕಾಗೋದ ವಿದ್ಯಾರಣ್ಯ ಕನ್ನಡ ಕೂಟ, ಡೆಟ್ರಾಯಿಟ್‌ನ ಪಂಪ ಕನ್ನಡ ಕೂಟದಂಥ ಸಂಘಗಳು ಈ ನಿಯಮಗಳನ್ನು ಕನ್ನಡದಲ್ಲಿ ಒಂದು ಪುಟವಾಗಿ ಅಚ್ಚುಹಾಕಿ ಯುಗಾದಿ, ದೀಪಾವಳಿಗೆ ಸೇರುವ ಹಿರಿಯರ ಕೈಗೆ ಕೊಟ್ಟರೆ ದೊಡ್ಡ ಉಪಕಾರ.

ಕರ್ನಾಟಕದಲ್ಲಿ ಆಗಬೇಕಾದದ್ದು ಮೂರು. ವೈದ್ಯರ ಪತ್ರವಿರುವ ಮನೆಯ ಸಂಪರ್ಕವನ್ನು ನಿಗದಿತ ಅವಧಿಯವರೆಗೆ ಕಡಿಯಬಾರದೆಂಬ ನಿಯಮ. ಅಂಥ ಮನೆಗಳ ಪಟ್ಟಿ ಪ್ರತಿ ಉಪವಿಭಾಗದಲ್ಲಿ, ಸ್ಮಾರ್ಟ್ ಮೀಟರಿನ ಕಂಪ್ಯೂಟರಿನಲ್ಲೂ. ಯಂತ್ರಕ್ಕೆ ಬೇಕಾದ ಯೂನಿಟ್ಟುಗಳನ್ನು ಗೃಹಜ್ಯೋತಿಯ ಮಿತಿಯಿಂದ ಹೊರಗಿಡುವುದು. ವಿದ್ಯುತ್ ದರದ ಬಗ್ಗೆ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಅಲ್ಲಿ ಯಾರು ಬೇಕಾದರೂ ಕನ್ನಡದಲ್ಲೇ ಬರೆದು ಕೊಡಬಹುದು, ನಿಂತು ಮಾತಾಡಬಹುದು. ಕೈಗಾರಿಕೆಯವರು ಬರುತ್ತಾರೆ, ರೈತ ಸಂಘದವರು ಬರುತ್ತಾರೆ. ಮನೆಯಲ್ಲಿ ಯಂತ್ರದ ಪಕ್ಕ ರಾತ್ರಿ ಕಳೆಯುವವರಿಗೆ ಅಲ್ಲಿಗೆ ಬರಲು ಬಿಡುವಿರುವುದಿಲ್ಲ. ಅವರ ಪರವಾಗಿ ಈ ಮೂರು ಬೇಡಿಕೆಗಳನ್ನು ಒಂದು ಹಾಳೆಯಲ್ಲಿ ಬರೆದು, ಸಹಿ ಹಾಕಿ, ಆಯೋಗಕ್ಕೆ ಕಳಿಸಿ. ಅದು ಈ ಮಾತು ಕೇಳಿದ ನಮ್ಮ, ನಿಮ್ಮೆಲ್ಲರ ಕೆಲಸ.